ಹುದೈಬಿಯಾದಲ್ಲಿ ಕಣ್ಣುಗಳು ಮಾಡಿದ ಕೆಲಸ

ಹುದೈಬಿಯಾ ಒಪ್ಪಂದದ ಮಾತು ಬಂದರೆ ನಾವೆಲ್ಲ ಮೊದಲು ಹೇಳುವುದು ಅದರ ಷರತ್ತುಗಳನ್ನು. ಹತ್ತು ವರ್ಷ ಯುದ್ಧವಿಲ್ಲ, ಈ ವರ್ಷ ಉಮ್ರಾ ಇಲ್ಲ, ಮಕ್ಕಾದಿಂದ ಬಂದವರನ್ನು ಮರಳಿ ಒಪ್ಪಿಸಬೇಕು. ಮದ್ರಸದ ಮಕ್ಕಳೂ ಇದನ್ನು ತಡವರಿಸದೆ ಹೇಳುತ್ತಾರೆ. ಆದರೆ ಆ ಷರತ್ತುಗಳು ಕಾಗದಕ್ಕೆ ಇಳಿಯುವ ಮೊದಲು, ಇಳಿದ ನಂತರ, ಆ ಬಯಲಿನಲ್ಲಿ ಯಾರು ಯಾರನ್ನು ಹೇಗೆ ನೋಡಿದರು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಹೀಹ್ ಬುಖಾರಿಯಲ್ಲಿ ಮಿಸ್ವರ್ ಬಿನ್ ಮಖ್ರಮಾ(ರ) ಮತ್ತು ಮರ್ವಾನ್ ಅವರಿಂದ ಬಂದ ದೀರ್ಘ ವರದಿಯನ್ನು ನಿಧಾನವಾಗಿ ಓದಿದರೆ, ಅದು ನೋಟಗಳ ಇತಿಹಾಸವೂ ಹೌದು. ಕಳೆದ ಎರಡು ಜುಮಾಗಳಲ್ಲಿ ಇದನ್ನು ಚುಟುಕಾಗಿ ಹೇಳಿದ್ದೆ. ಸಮಯ ಸಾಲದೆ ಬಿಟ್ಟದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಈ ವಿಷಯವನ್ನು ಆರಿಸಲು ಕಾರಣವಿದೆ. ಇಮಾಮನಾದವನು ನಮಾಝ್ ಮಾಡಿಸಿ, ಮಕ್ಕಳಿಗೆ ಪಾಠ ಹೇಳಿ ಸುಮ್ಮನಿರಲಾಗುವುದಿಲ್ಲ. ಗಂಡ ಹೆಂಡತಿಯ ಜಗಳ, ಅಣ್ಣ ತಮ್ಮಂದಿರ ಪಾಲು, ಅಕ್ಕಪಕ್ಕದ ಮನೆಗಳ ಮುನಿಸು ಜಮಾಅತ್ ಕಚೇರಿಗೆ ಬರುತ್ತವೆ. ಅಲ್ಲಿ ಎರಡೂ ಕಡೆಯವರು ಏನು ಹೇಳಬೇಕೆಂದು ಮನೆಯಿಂದಲೇ ಸಿದ್ಧ ಮಾಡಿಕೊಂಡು ಬಂದಿರುತ್ತಾರೆ. ಎದುರು ಕುಳಿತವನ ಮುಖವನ್ನು ಒಮ್ಮೆ ನೋಡುವ ವ್ಯವಧಾನ ಇಬ್ಬರಿಗೂ ಇರುವುದಿಲ್ಲ. ಅವನ ಮಾತು ಮುಗಿಯುವುದನ್ನೇ ಕಾಯುತ್ತಿರುತ್ತಾರೆ, ತಮ್ಮದನ್ನು ಶುರು ಮಾಡಲು. ಇನ್ನೊಂದು ಕಡೆ ತಾಯಂದಿರು ಬಂದು, ಉಸ್ತಾದ್, ನಮ್ಮ ಹುಡುಗನಿಗೆ ನಾಲ್ಕು ಜನರ ನಡುವೆ ಹೇಗಿರಬೇಕೆಂದೇ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಅದಕ್ಕಾಗಿ ವ್ಯಕ್ತಿತ್ವ ವಿಕಸನದ ಕ್ಲಾಸಿಗೆ ಹಣ ಕಟ್ಟಿರುತ್ತಾರೆ. ಮಾತನಾಡುವುದನ್ನು ಅಲ್ಲಿ ಕಲಿಸಬಹುದು, ಬೇಡವೆನ್ನುವುದಿಲ್ಲ. ಆದರೆ ಜನರೊಂದಿಗೆ ಬೆರೆಯುವ ವಿದ್ಯೆಯ ಮೊದಲ ಅರ್ಧ ಮಾತಿನಲ್ಲಿಲ್ಲ, ನೋಡುವುದರಲ್ಲಿದೆ.

ಹಿಜ್ರಾ 6ನೇ ವರ್ಷ, ದುಲ್ ಕಅದ್ ತಿಂಗಳು. ಕ್ರಿಸ್ತ ಶಕ 628. ಪ್ರವಾದಿವರ್ಯರು(ಸ) ಸುಮಾರು 1,400 ಸಹಾಬಿಗಳೊಂದಿಗೆ ಉಮ್ರಾಕ್ಕೆಂದು ಹೊರಟಿದ್ದರು. ಇಹ್ರಾಮ್ ಧರಿಸಿದ್ದರು, ಬಲಿಯ ಒಂಟೆಗಳಿಗೆ ಕೊರಳಪಟ್ಟಿ ಕಟ್ಟಿದ್ದರು. ಕುರೈಶರು ದಾರಿ ತಡೆದರು. ಮಕ್ಕಾದ ಹೊರಗೆ, ಹುದೈಬಿಯಾದಲ್ಲಿ ತಂಡ ತಂಗಿತು. ಆ ಕಡೆಯಿಂದ ಒಬ್ಬರ ನಂತರ ಒಬ್ಬರು ಮಧ್ಯಸ್ಥರು ಬರತೊಡಗಿದರು.

ಮೊದಲು ಖುಝಾಅ ಗೋತ್ರದ ಬುದೈಲ್ ಬಿನ್ ವರ್ಕಾ ಬಂದು, ನಾವು ಯುದ್ಧಕ್ಕೆ ಬಂದಿಲ್ಲ ಎಂಬ ಪ್ರವಾದಿವರ್ಯರ(ಸ) ಸಂದೇಶವನ್ನು ಕುರೈಶರಿಗೆ ತಲುಪಿಸಿದರು. ಆಗ ಎದ್ದು ನಿಂತವನು ತಾಯಿಫ್‌ನ ಸಕೀಫ್ ಗೋತ್ರದ ಮುಖಂಡ ಉರ್ವಾ ಬಿನ್ ಮಸ್‌ಊದ್. ದೊಡ್ಡ ಮನುಷ್ಯ, ಲೋಕ ಸುತ್ತಿದವನು. ಕೈಸರ್, ಕಿಸ್ರಾ, ನಜಾಶಿ ಈ ಮೂವರ ಆಸ್ಥಾನಗಳನ್ನೂ ಕಂಡವನು.

ಅವನು ಬಂದು ಕುಳಿತು ಮೊದಲು ಆಡಿದ ಮಾತು ಏನು? ಈ ನಿಮ್ಮ ಸುತ್ತ ಇರುವವರು ಅಲ್ಲಿಂದ ಇಲ್ಲಿಂದ ಸೇರಿದ ಜನ, ಕಷ್ಟ ಬಂದರೆ ನಿಮ್ಮನ್ನು ಬಿಟ್ಟು ಓಡುತ್ತಾರೆ ಎಂದ. ಅನುಭವಿ ಮನುಷ್ಯನ ಮೊದಲ ಅಂದಾಜು ಅದು. ಅವನ ಲೆಕ್ಕ ಪೂರ್ತಿ ಅರ್ಥವಿಲ್ಲದ್ದೇನಲ್ಲ. ಅರಬರಲ್ಲಿ ಒಬ್ಬನ ಹಿಂದೆ ನಿಲ್ಲುತ್ತಿದ್ದದ್ದು ಅವನ ರಕ್ತಸಂಬಂಧದ ಗೋತ್ರ. ಇಲ್ಲಿ ನೋಡಿದರೆ ಹತ್ತು ಗೋತ್ರಗಳ ಜನ, ಒಂದು ಕಾಲದ ಗುಲಾಮರೂ ಇದ್ದಾರೆ. ಇವರನ್ನು ಯಾವ ದಾರ ಹಿಡಿದಿಟ್ಟಿದೆ? ಅವನಿಗೆ ಕಾಣಲಿಲ್ಲ. ಅಬೂಬಕರ್(ರ) ಸಿಟ್ಟಿನಿಂದ ಕಟುವಾಗಿ ಉತ್ತರಿಸಿದರು. ಅವರು ಹಿಂದೆ ತನಗೆ ಮಾಡಿದ ಉಪಕಾರವೊಂದನ್ನು ನೆನೆದು ಉರ್ವಾ ಮರುಮಾತಾಡಲಿಲ್ಲ. ಮಾತಾಡುತ್ತ ಆಡುತ್ತ ಅವನು ಪ್ರವಾದಿವರ್ಯರ(ಸ) ಗಡ್ಡದ ಕಡೆ ಕೈ ಚಾಚುತ್ತಿದ್ದ. ಶಿರಸ್ತ್ರಾಣ ಧರಿಸಿ ಪಕ್ಕದಲ್ಲಿ ನಿಂತಿದ್ದ ಒಬ್ಬರು ಪ್ರತಿ ಬಾರಿಯೂ ಖಡ್ಗದ ಹಿಡಿಯಿಂದ ಅವನ ಕೈಗೆ ತಟ್ಟಿ ದೂರ ಸರಿಸುತ್ತಿದ್ದರು. ಯಾರಿವನು ಎಂದು ಕೇಳಿದರೆ, ಅವನದೇ ಅಣ್ಣನ ಮಗನಂತಿದ್ದ ಮುಗೀರಾ ಬಿನ್ ಶುಅಬಾ(ರ)!

ಇಲ್ಲಿಗೆ ಉರ್ವಾ ಮುನಿಸಿಕೊಂಡು ಎದ್ದು ಹೋಗಬಹುದಿತ್ತು. ನಮ್ಮ ಪಂಚಾಯಿತಿಗಳಲ್ಲಿ ಆಗುವುದು ಅದೇ ತಾನೆ? ಸ್ವಂತ ಮನೆಯ ಹುಡುಗ ನಾಲ್ಕು ಜನರ ಮುಂದೆ ಕೈ ತಡೆದರೆ ಯಾವ ಹಿರಿಯ ಕುಳಿತಿರುತ್ತಾನೆ? ಆದರೆ ಅವನು ಕುಳಿತ. ಮಾತು ನಿಲ್ಲಿಸಿ ನೋಡತೊಡಗಿದ. ವರದಿಯಲ್ಲಿ ಈ ಘಟ್ಟ ಸ್ಪಷ್ಟವಾಗಿದೆ: ಅವನು ಪ್ರವಾದಿವರ್ಯರ(ಸ) ಸಂಗಾತಿಗಳನ್ನು ತನ್ನೆರಡು ಕಣ್ಣುಗಳಿಂದ ಗಮನಿಸುತ್ತ ಹೋದ. ಏನು ಕಂಡ? ಅವರು ಒಂದು ಕೆಲಸ ಹೇಳಿದರೆ ಎಲ್ಲರೂ ಮುಂದೆ ಧಾವಿಸುತ್ತಾರೆ. ಅವರು ವುಝೂ ಮಾಡಿದರೆ ಆ ನೀರಿಗಾಗಿ ಮುಗಿಬೀಳುತ್ತಾರೆ. ಅವರು ಮಾತಾಡಿದರೆ ಇವರ ದನಿ ತಗ್ಗುತ್ತದೆ. ಗೌರವದಿಂದ ಅವರ ಮುಖವನ್ನು ದಿಟ್ಟಿಸಿ ನೋಡುವುದೂ ಇಲ್ಲ.

ಇವೆಲ್ಲ ಸಣ್ಣ ಸಂಗತಿಗಳು. ಯಾರೂ ಅವನಿಗೆ ವಿವರಿಸಿ ಹೇಳಲಿಲ್ಲ, ನಮ್ಮ ನಿಷ್ಠೆ ಇಷ್ಟಿದೆ ಎಂದು ಭಾಷಣ ಮಾಡಲಿಲ್ಲ. ಅವನು ಕುರೈಶರ ಬಳಿಗೆ ಮರಳಿ, ನಾನು ರಾಜರ ಬಳಿ ಹೋದವನು, ಕೈಸರ್, ಕಿಸ್ರಾ, ನಜಾಶಿಯ ಬಳಿ ಹೋದವನು, ಆದರೆ ಮುಹಮ್ಮದರ ಸಂಗಾತಿಗಳು ಅವರನ್ನು ಗೌರವಿಸುವಂತೆ ಯಾವ ರಾಜನನ್ನೂ ಅವನ ಜನ ಗೌರವಿಸುವುದನ್ನು ಕಾಣಲಿಲ್ಲ ಎಂದ. ಅವರು ಮುಂದಿಟ್ಟ ಮಾತು ವಿವೇಕದ್ದು, ಒಪ್ಪಿಕೊಳ್ಳಿ ಎಂದ. ಓಡಿ ಹೋಗುವ ಜನ ಎಂದು ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ನಾಲಿಗೆಯೇ ಇದು. ನನಗೆ ಉರ್ವಾನಲ್ಲಿ ಹಿಡಿಸುವುದು ಈ ಗುಣ. ಆಗ ಅವನು ಮುಸ್ಲಿಮನಲ್ಲ, ಎದುರು ಪಕ್ಷದವನು, ಅವಮಾನವೂ ಆಗಿತ್ತು. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳಿದ. ತಾನು ಮೊದಲು ಆಡಿದ ಮಾತನ್ನು ಉಳಿಸಿಕೊಳ್ಳಲು ಕಣ್ಣಿಗೆ ಸುಳ್ಳು ಹೇಳಿಸಲಿಲ್ಲ.

ಅವನ ನಂತರ ಕಿನಾನಾ ಗೋತ್ರದವನೊಬ್ಬ ಬಂದ. ಈಗ ಪ್ರವಾದಿವರ್ಯರ(ಸ) ನೋಟವನ್ನು ನೋಡಿ. ದೂರದಿಂದ ಬರುತ್ತಿರುವವನನ್ನು ಕಂಡೊಡನೆ, ಇವನು ಬಲಿಯ ಒಂಟೆಗಳನ್ನು ಗೌರವಿಸುವ ಜನರ ಪೈಕಿಯವನು, ಒಂಟೆಗಳನ್ನು ಅವನ ಎದುರಿಗೆ ಬಿಡಿ ಎಂದರು. ಸಹಾಬಿಗಳು ಒಂಟೆಗಳನ್ನು ಬಿಟ್ಟು, ತಲ್ಬಿಯಾ ಹೇಳುತ್ತ ಅವನನ್ನು ಎದುರುಗೊಂಡರು. ಕೊರಳಪಟ್ಟಿ ಕಟ್ಟಿದ ಆ ಒಂಟೆಗಳನ್ನು ಕಂಡದ್ದೇ ಅವನು, ಇಂಥವರನ್ನು ಕಅಬಾದಿಂದ ತಡೆಯುವುದು ಸರಿಯಲ್ಲ ಎಂದ. ಕುರೈಶರಿಗೂ ಅದನ್ನೇ ಹೇಳಿದ.

ಬುದೈಲ್‌ನೊಂದಿಗೆ ಮಾತಿನ ಮೂಲಕ ಸಂದೇಶ, ಈ ಕಿನಾನಾದವನಿಗೆ ಒಂಟೆಗಳ ಮೂಲಕ. ಇದು ಉಪಾಯವೇ ಎಂದು ಕಳೆದ ವಾರ ಒಬ್ಬ ಯುವಕ ಕೇಳಿದ. ಉಪಾಯವೆಂದರೆ ಇಲ್ಲದ್ದನ್ನು ಇದೆಯೆಂದು ತೋರಿಸುವುದು. ಇಲ್ಲಿ ತೋರಿಸಿದ್ದು ಇದ್ದದ್ದನ್ನೇ. ಅವರು ಬಂದದ್ದು ಉಮ್ರಾಕ್ಕೆ, ಒಂಟೆಗಳು ಬಲಿಗೆ. ಎದುರಿನವನಿಗೆ ಸತ್ಯ ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ ಎಂದು ತಿಳಿದು ಆ ಬಾಗಿಲಿಗೆ ಸತ್ಯವನ್ನು ಕೊಂಡೊಯ್ಯುವುದು ಬೇರೆ. ಅದಕ್ಕೆ ಆ ಜನರ ರೀತಿನೀತಿ ಗೊತ್ತಿರಬೇಕು, ಅವರು ಏನನ್ನು ಪೂಜ್ಯವೆಂದು ಕಾಣುತ್ತಾರೆಂದು ಮೊದಲೇ ಗಮನಿಸಿರಬೇಕು. ನಮ್ಮ ಬೀದಿಯಲ್ಲೇ ಹತ್ತಾರು ವರ್ಷದಿಂದ ಇರುವ ಬೇರೆ ಧರ್ಮದ ನೆರೆಯವರು ಯಾವ ದಿನ ಉಪವಾಸ ಇರುತ್ತಾರೆ, ಯಾವ ದಿನ ಅವರ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಎಂದು ನಮ್ಮ ಎಷ್ಟು ಮಂದಿಗೆ ಗೊತ್ತು? ಹಿಂದಿನ ಅಜ್ಜಿಯರಿಗೆ ಗೊತ್ತಿತ್ತು. ಯಾವ ತಟ್ಟೆ ಯಾವ ಮನೆಗೆ ಯಾವಾಗ ಕಳಿಸಬಾರದು ಎಂಬುದೂ ಗೊತ್ತಿತ್ತು.

ಕೊನೆಗೆ ಸುಹೈಲ್ ಬಿನ್ ಅಮ್ರ್ ಬಂದು ಒಪ್ಪಂದವಾಯಿತು. ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್ ಎಂದು ಬರೆಯಲು ಅವನು ಒಪ್ಪಲಿಲ್ಲ, ಅಲ್ಲಾಹನ ಸಂದೇಶವಾಹಕ ಎಂಬ ಪದಕ್ಕೂ ಒಪ್ಪಲಿಲ್ಲ. ಬರೆಯುವುದು ಮುಗಿಯುವ ಮೊದಲೇ ಅವನ ಸ್ವಂತ ಮಗ ಅಬೂ ಜಂದಲ್(ರ) ಸಂಕೋಲೆಯೊಂದಿಗೆ ಎಳೆದುಕೊಂಡು ಬಂದು ಮುಸ್ಲಿಮರ ನಡುವೆ ಬಿದ್ದರು. ಅವರನ್ನೂ ಒಪ್ಪಿಸಬೇಕಾಯಿತು. ಆ ಸಂಜೆಯ ಮನಸ್ಸುಗಳನ್ನು ಊಹಿಸಿಕೊಳ್ಳಿ.

ಬಳಿಕ ಪ್ರವಾದಿವರ್ಯರು(ಸ) ಎಲ್ಲರಿಗೂ, ಏಳಿ, ಬಲಿ ನೀಡಿ, ತಲೆ ಬೋಳಿಸಿಕೊಳ್ಳಿ ಎಂದರು. ಒಬ್ಬರೂ ಏಳಲಿಲ್ಲ. ಮೂರು ಬಾರಿ ಹೇಳಿದರು. ಒಬ್ಬರೂ ಏಳಲಿಲ್ಲ. ಉರ್ವಾ ಕಂಡ ಅದೇ ಜನ ಇವರು, ಒಂದು ಮಾತಿಗೆ ಧಾವಿಸುತ್ತಿದ್ದವರು!

ಪ್ರವಾದಿವರ್ಯರು(ಸ) ಡೇರೆಯೊಳಗೆ ಉಮ್ಮು ಸಲಮಾ(ರ) ಅವರ ಬಳಿ ಹೋಗಿ ಆದದ್ದನ್ನು ಹೇಳಿದರು. ಅವರು ಕೊಟ್ಟ ಸಲಹೆ ಬಹಳ ಚಿಕ್ಕದು. ಹೊರಗೆ ಹೋಗಿ, ಯಾರೊಡನೆಯೂ ಒಂದು ಮಾತೂ ಆಡಬೇಡಿ, ನಿಮ್ಮ ಒಂಟೆಯನ್ನು ನೀವು ಬಲಿ ನೀಡಿ, ಕ್ಷೌರಿಕನನ್ನು ಕರೆದು ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಅದನ್ನು ಕಂಡದ್ದೇ ತಡ, ಸಹಾಬಿಗಳು ಎದ್ದರು. ಬಲಿ ನೀಡಿದರು, ಒಬ್ಬರ ತಲೆಯನ್ನೊಬ್ಬರು ಬೋಳಿಸತೊಡಗಿದರು. ದುಃಖದ ಭರದಲ್ಲಿ ಒಬ್ಬರನ್ನೊಬ್ಬರು ಎಲ್ಲಿ ಕೊಂದುಬಿಡುತ್ತಾರೋ ಎಂಬಷ್ಟು ಅವಸರವಿತ್ತು ಎಂದು ವರದಿ ಹೇಳುತ್ತದೆ.

ಉಮ್ಮು ಸಲಮಾ(ರ) ಅವರಿಗೆ ಹೊಳೆದದ್ದು ಏನು? ಹೊರಗೆ ಕುಳಿತವರು ಅವಿಧೇಯರಲ್ಲ ಎಂಬುದು. ತೀರ್ಮಾನ ಇನ್ನೂ ಬದಲಾಗಬಹುದು, ಕಅಬಾಕ್ಕೆ ಹೋಗುವ ಅನುಮತಿ ಈಗಲೂ ಬರಬಹುದು ಎಂಬ ಆಸೆಯಿಂದ ಅವರು ತಡ ಮಾಡುತ್ತಿದ್ದರು ಎಂದು ವಿದ್ವಾಂಸರು ವಿವರಿಸಿದ್ದಾರೆ. ಆಸೆಯಿಂದ ಕುಳಿತವರಿಗೆ ನಾಲ್ಕನೇ ಬಾರಿ ಆಜ್ಞೆ ಮಾಡಿ ಪ್ರಯೋಜನವಿಲ್ಲ. ಪ್ರವಾದಿವರ್ಯರೇ(ಸ) ಇಹ್ರಾಮ್ ಕಳಚಿದ್ದನ್ನು ಕಣ್ಣಾರೆ ಕಂಡರೆ ಆಸೆ ತಾನಾಗಿ ಇಳಿಯುತ್ತದೆ. ಉಮ್ಮು ಸಲಮಾ(ರ) ಸ್ವತಃ ಮಕ್ಕಾದ ಮಗಳು. ಅಬಿಸೀನಿಯಾಕ್ಕೆ ಹಿಜ್ರಾ ಹೋದವರು, ಮದೀನಾಕ್ಕೆ ಹೊರಟಾಗ ಗಂಡ ಮತ್ತು ಮಗುವಿನಿಂದ ಬೇರ್ಪಡಿಸಲ್ಪಟ್ಟು ಕಣ್ಣೀರಿಟ್ಟವರು. ಊರಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಲ್ಪಟ್ಟವರ ಸಂಕಟ ಅವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಯಿತೇನೋ. ಇದು ನನ್ನ ಅನಿಸಿಕೆ ಅಷ್ಟೆ.

ಜಮಾಅತಿನ ಹಿರಿಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಧಾನಕ್ಕೆ ಕೂರುವಾಗ ನಾವು ಗಂಡಸರು ಹತ್ತು ಮಂದಿ ಹಾಲಿನಲ್ಲಿ ಕೂರುತ್ತೇವೆ. ಹುಡುಗಿಯ ತಾಯಿ ಒಳಗಿನ ಕೋಣೆಯಲ್ಲಿರುತ್ತಾರೆ. ಹೆಚ್ಚಿನ ಸಲ ಆ ಮದುವೆಯಲ್ಲಿ ನಿಜವಾಗಿ ಏನು ಕೆಟ್ಟಿದೆ ಎಂದು ತಿಳಿದಿರುವುದು ಆ ಒಬ್ಬರಿಗೆ. ಮಗಳು ತವರಿಗೆ ಬಂದಾಗ ಊಟದ ಮುಂದೆ ಹೇಗೆ ಕೂರುತ್ತಾಳೆ, ಫೋನ್ ಬಂದರೆ ಮುಖ ಹೇಗಾಗುತ್ತದೆ ಎಂದು ಅವರು ನೋಡಿರುತ್ತಾರೆ. ಅವರನ್ನು ಕೇಳದೆ ನಾವು ತೀರ್ಪು ಬರೆದು ಸಹಿ ಹಾಕಿಸುತ್ತೇವೆ. 1,400 ಗಂಡಸರ ನಡುವೆ ಪ್ರವಾದಿವರ್ಯರು(ಸ) ಹೋಗಿ ಹೇಳಿಕೊಂಡದ್ದು ಡೇರೆಯೊಳಗಿದ್ದ ಒಬ್ಬ ಮಹಿಳೆಯೊಂದಿಗೆ. ಆ ಮಾತನ್ನು ಅವರು ಹಾಗೆಯೇ ನಡೆಸಿಕೊಟ್ಟರು.

ಗಮನಿಸಿ ನೋಡುವುದು ಎಂದಾಗ ಒಂದು ಅಪಾಯವೂ ಉಂಟು. ಇನ್ನೊಬ್ಬರ ಮನೆಯೊಳಗೆ ಇಣುಕುವವನೂ ನಾನು ಗಮನಿಸುತ್ತಿದ್ದೇನೆ ಎನ್ನಬಹುದು. ಸೂರಃ ಹುಜುರಾತ್‌ನ 12ನೇ ವಚನ ಗುಮಾನಿ, ಗೂಢಚರ್ಯೆ, ಪರನಿಂದೆ ಈ ಮೂರನ್ನೂ ಒಟ್ಟಿಗೆ ನಿಷೇಧಿಸಿದೆ. ಅವು ಒಂದರ ಹಿಂದೊಂದು ಬರುವಂಥವು: ಮೊದಲು ಸಂಶಯ, ಅದನ್ನು ಖಚಿತ ಮಾಡಿಕೊಳ್ಳಲು ಇಣುಕು, ಇಣುಕಿ ಕಂಡದ್ದನ್ನು ಹಂಚುವುದು. ಒಮ್ಮೆ ಒಬ್ಬ ವ್ಯಕ್ತಿ ಪ್ರವಾದಿವರ್ಯರ(ಸ) ಮನೆಯ ಸಂದಿನಿಂದ ಒಳಗೆ ಇಣುಕಿದ. ತಲೆ ಬಾಚುವ ಸಾಧನ ಅವರ ಕೈಯಲ್ಲಿತ್ತು. ನೀನು ನೋಡುತ್ತಿದ್ದೀಯೆಂದು ತಿಳಿದಿದ್ದರೆ ಇದರಿಂದ ಕಣ್ಣಿಗೆ ಚುಚ್ಚುತ್ತಿದ್ದೆ ಎಂದರು. ಒಳಗೆ ಬರಲು ಅನುಮತಿ ಕೇಳುವ ನಿಯಮ ಇರುವುದೇ ನೋಟದ ಕಾರಣಕ್ಕೆ ಎಂದೂ ತಿಳಿಸಿದರು. ಇಂದು ಸಂದು ಎಂದರೆ ಮೊಬೈಲ್. ಯಾರದೋ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು ಇದೇ ಬಾಬ್ತಿಗೆ ಸೇರುತ್ತದೆ.

ಹಾಗಾದರೆ ಸರಿಯಾದ ನೋಟ ಹೇಗಿರುತ್ತದೆ? ಹುದೈಬಿಯಾದಿಂದ ಮದೀನಾದ ಒಂದು ಮನೆಗೆ ಬರೋಣ. ಇಬ್ನು ಅಬ್ಬಾಸ್(ರ) ಆಗ ಹುಡುಗ. ಪ್ರವಾದಿವರ್ಯರ(ಸ) ಪತ್ನಿ ಮೈಮೂನಾ(ರ) ಅವರ ತಾಯಿಯ ಸಹೋದರಿ. ಪ್ರವಾದಿವರ್ಯರ(ಸ) ರಾತ್ರಿಯ ನಮಾಝ್ ಹೇಗಿರುತ್ತದೆಂದು ನೋಡುವ ಆಸೆಯಿಂದ ಅವರು ಚಿಕ್ಕಮ್ಮನ ಮನೆಯಲ್ಲಿ ಒಂದು ರಾತ್ರಿ ಉಳಿದರು. ಒಂದೇ ದಿಂಬು. ಅದರ ಉದ್ದಕ್ಕೆ ಅವರಿಬ್ಬರೂ, ಅಡ್ಡಕ್ಕೆ ಈ ಹುಡುಗ. ನಡುರಾತ್ರಿಯ ಹೊತ್ತಿಗೆ ಪ್ರವಾದಿವರ್ಯರು(ಸ) ಎದ್ದು ಕುಳಿತು ಮುಖದ ಮೇಲಿನ ನಿದ್ದೆಯನ್ನು ಕೈಯಿಂದ ಒರೆಸಿಕೊಂಡರು, ಆಲು ಇಮ್ರಾನ್‌ನ ಕೊನೆಯ ವಚನಗಳನ್ನು ಓದಿದರು, ತೂಗುಹಾಕಿದ್ದ ನೀರಿನ ಚೀಲದಿಂದ ವುಝೂ ಮಾಡಿ ನಮಾಝಿಗೆ ನಿಂತರು. ಇಬ್ನು ಅಬ್ಬಾಸ್(ರ) ಎಲ್ಲವನ್ನೂ ನೋಡುತ್ತಿದ್ದರು. ಆದರೆ ತಾನು ಎಚ್ಚರವಿದ್ದು ಕಾಯುತ್ತಿದ್ದೆ ಎಂದು ಪ್ರವಾದಿವರ್ಯರಿಗೆ(ಸ) ತಿಳಿಯಬಾರದೆಂದು, ಆಗಷ್ಟೇ ಎದ್ದವರಂತೆ ಮೈಮುರಿದು ಎದ್ದರು! ಎದ್ದು ಅವರು ಮಾಡಿದ ಹಾಗೆಯೇ ವುಝೂ ಮಾಡಿ ಎಡಬದಿಯಲ್ಲಿ ನಿಂತರು. ಪ್ರವಾದಿವರ್ಯರು(ಸ) ಕಿವಿ ಹಿಡಿದು ಬಲಬದಿಗೆ ತಂದು ನಿಲ್ಲಿಸಿದರು.

ಆ ಮೈಮುರಿತವನ್ನು ಬಲ್ಲ ಮಗು ಮುಕ್ಕಾಲು ಅದಬ್ ಕಲಿತಂತೆ. ಆತ ಬಂದದ್ದು ಆ ಮನೆಯವಳೇ ಆದ ಚಿಕ್ಕಮ್ಮನ ಬಳಿಗೆ, ಕದ್ದು ಅಲ್ಲ. ನೋಡಿದ್ದು ತಪ್ಪು ಹುಡುಕಲು ಅಲ್ಲ, ತಾನೂ ಹಾಗೆ ಮಾಡಲು. ನೋಡಲ್ಪಡುವವರಿಗೆ ಮುಜುಗರವಾಗಬಾರದು ಎಂಬ ಎಚ್ಚರವೂ ಇತ್ತು. ಇದೇ ಹುಡುಗ ಇನ್ನೊಮ್ಮೆ ಪ್ರವಾದಿವರ್ಯರು(ಸ) ಶೌಚಕ್ಕೆ ಹೋದಾಗ ಯಾರೂ ಹೇಳದೆಯೇ ವುಝೂವಿನ ನೀರು ತಂದಿಟ್ಟರು. ಇದನ್ನು ಇಟ್ಟದ್ದು ಯಾರು ಎಂದು ಕೇಳಿ ತಿಳಿದ ಪ್ರವಾದಿವರ್ಯರು(ಸ), ಇವನಿಗೆ ಧರ್ಮದ ತಿಳುವಳಿಕೆ ಕೊಡು ಎಂದು ದುಆ ಮಾಡಿದರು. ನೀರು ಬೇಕಾಗಬಹುದು ಎಂದು ಹೊಳೆಯುವ ಮನಸ್ಸಿಗೂ ತಿಳುವಳಿಕೆಗೂ ಇರುವ ನಂಟು ಆ ದುಆದಲ್ಲಿದೆ. ನೆಂಟರು ಬಂದಾಗ ಹೇಳಿಸಿಕೊಳ್ಳದೆ ಒಂದು ಲೋಟ ನೀರು ತರುವ ಮಗುವನ್ನು ಎಂಟು ದಿನದ ಶಿಬಿರ ತಯಾರು ಮಾಡುವುದಿಲ್ಲ. ಮನೆಯಲ್ಲಿ ಅದನ್ನು ಯಾರಾದರೂ ಮಾಡುವುದನ್ನು ಅದು ಕಂಡಿರಬೇಕು.

ನಂತರದ ತಲೆಮಾರುಗಳಲ್ಲೂ ಇದೇ ಪದ್ಧತಿ ಸಾಗಿತು. ಇಮಾಮ್ ಮಾಲಿಕ್(ರ) ಬಾಲಕನಾಗಿದ್ದಾಗ ತಾಯಿ ಪೇಟ ಕಟ್ಟಿ ಸಿದ್ಧಪಡಿಸಿ ರಬೀಅ ಎಂಬ ವಿದ್ವಾಂಸರ ಬಳಿಗೆ ಕಳಿಸುತ್ತ, ಅವರ ವಿದ್ಯೆಗಿಂತ ಮೊದಲು ಅವರ ಅದಬ್ ಕಲಿತು ಬಾ ಎಂದಿದ್ದರಂತೆ. ಅದೇ ಮಾಲಿಕ್ ಮದೀನಾದ ದೊಡ್ಡ ಇಮಾಮರಾದ ಮೇಲೆ ಸ್ಪೇನಿನಿಂದ ಯಹ್ಯಾ ಬಿನ್ ಯಹ್ಯಾ ಅಲ್ಲೈಸಿ ಎಂಬ ವಿದ್ಯಾರ್ಥಿ ಬಂದರು. ಒಂದು ದಿನ ಊರಿಗೆ ಆನೆ ಬಂತು. ವಿದ್ಯಾರ್ಥಿಗಳೆಲ್ಲ ಎದ್ದು ನೋಡಲು ಓಡಿದರು, ಯಹ್ಯಾ ಒಬ್ಬರೇ ಕುಳಿತಿದ್ದರು. ನಿಮ್ಮ ಊರಲ್ಲಿ ಆನೆ ಇಲ್ಲವಲ್ಲ, ನೀನೇಕೆ ಹೋಗಲಿಲ್ಲ ಎಂದು ಇಮಾಮರು ಕೇಳಿದರು. ನಾನು ಅಷ್ಟು ದೂರದಿಂದ ಬಂದದ್ದು ನಿಮ್ಮನ್ನು ನೋಡಲು, ನಿಮ್ಮ ನಡೆ ಮತ್ತು ವಿದ್ಯೆ ಕಲಿಯಲು, ಆನೆ ನೋಡಲು ಅಲ್ಲ ಎಂದರು ಯಹ್ಯಾ. ಇಮಾಮರು ಅವರನ್ನು ಸ್ಪೇನಿನ ವಿವೇಕಿ ಎಂದು ಕರೆದರು. ಇಂದು ಜಗತ್ತಿನಲ್ಲಿ ಹೆಚ್ಚು ಓದಲಾಗುವ ಮುವತ್ತಾ ಗ್ರಂಥ ಇದೇ ಯಹ್ಯಾರ ಪಾಠದ್ದು. (ಆನೆ ನೋಡಲು ಹೋದವರನ್ನು ನಾನು ಬೈಯುವುದಿಲ್ಲ. ಮಕ್ಕಳಿಗೆ ಆನೆಯೂ ಬೇಕು.)

ನಮ್ಮ ಕರಾವಳಿಯ ಹಳೆಯ ಪಳ್ಳಿ ದರ್ಸ್‌ಗಳಲ್ಲಿ ಇದರ ಒಂದು ಎಳೆ ಉಳಿದಿತ್ತು. ವಿದ್ಯಾರ್ಥಿಗಳು ಮಸೀದಿಯಲ್ಲೇ ಮಲಗುತ್ತಿದ್ದರು, ಊಟಕ್ಕೆ ಮೊಹಲ್ಲಾದ ಮನೆಗಳಿಗೆ ಹೋಗುತ್ತಿದ್ದರು. ಒಂದು ಮನೆಯಲ್ಲಿ ಮೀನಿನ ಸಾರು, ಇನ್ನೊಂದರಲ್ಲಿ ಬರೀ ಗಂಜಿ. ಗಂಜಿಯ ಮನೆಯಲ್ಲಿ ಎರಡನೇ ಸಲ ಬಡಿಸಲು ಬಂದಾಗ ಸಾಕು ಎನ್ನಬೇಕೆಂದು ಯಾವ ಕಿತಾಬಿನಲ್ಲೂ ಇರಲಿಲ್ಲ. ಒಳಗೆ ಮಕ್ಕಳು ಇನ್ನೂ ಉಂಡಿಲ್ಲ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಈಗ ಹೆಚ್ಚಿನ ಕಡೆ ಹಾಸ್ಟೆಲು, ಮೆಸ್ಸು ಬಂದಿವೆ. ಹೊಟ್ಟೆ ತುಂಬ ಊಟ ಸಿಗುತ್ತದೆ, ಅಲ್‌ಹಮ್ದುಲಿಲ್ಲಾಹ್. ಆ ಸದ್ದು ಕೇಳುವ ಕಿವಿ ಎಲ್ಲಿ ತಯಾರಾಗಬೇಕು ಎಂಬುದನ್ನು ಆಡಳಿತ ಸಮಿತಿಯವರೂ ಪೋಷಕರೂ ಕೂತು ಯೋಚಿಸಬೇಕಾಗಿದೆ. ರಜೆಯಲ್ಲಿ ಮಗನನ್ನು ಅಜ್ಜನ ಜೊತೆ ಒಂದು ರೋಗಿ ಭೇಟಿಗೆ, ಒಂದು ಮಯ್ಯಿತ್ ಮನೆಗೆ ಕಳಿಸಿ ನೋಡಿ. ಮರಳಿ ಬಂದಾಗ ಅಲ್ಲಿ ಏನು ಮಾತಾಡಿದರು ಎಂದು ಕೇಳಬೇಡಿ, ಅಜ್ಜ ಎಲ್ಲಿ ಕುಳಿತರು, ಯಾವಾಗ ಎದ್ದರು ಎಂದು ಕೇಳಿ.

ಉರ್ವಾನ ಕಥೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಹಿಜ್ರಾ 9ರ ಹೊತ್ತಿಗೆ ಅವರು ಇಸ್ಲಾಮ್ ಸ್ವೀಕರಿಸಿದರು. ತಾಯಿಫ್‌ಗೆ ಹೋಗಿ ತನ್ನ ಜನರನ್ನು ಕರೆಯುತ್ತೇನೆ ಎಂದಾಗ, ಅವರು ನಿಮ್ಮನ್ನು ಕೊಲ್ಲುತ್ತಾರೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ನಾನು ಅವರಿಗೆ ಅವರ ಚೊಚ್ಚಲ ಮಕ್ಕಳಿಗಿಂತ ಪ್ರಿಯ ಎಂದರು ಉರ್ವಾ(ರ). ಹೋದರು. ಅವರ ಜನರೇ ಬಾಣ ಬಿಟ್ಟು ಕೊಂದರು. ಅಪರಿಚಿತರ ಬಯಲಿನಲ್ಲಿ ಕೆಲವೇ ಗಳಿಗೆಯಲ್ಲಿ ಅಷ್ಟನ್ನು ಕಂಡ ಕಣ್ಣು ಸ್ವಂತ ಊರಿನವರ ಮನಸ್ಸನ್ನು ಕಾಣಲಿಲ್ಲ. ಅಲ್ಲಾಹನು ಅವರ ಶಹಾದತ್ ಸ್ವೀಕರಿಸಲಿ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು, ಇವಳು ಯಾವತ್ತೂ ಹೀಗಿರಲಿಲ್ಲ ಉಸ್ತಾದ್ ಎನ್ನುವ ಗಂಡಂದಿರನ್ನು ಕಂಡಾಗ ನನಗೆ ಅವರ ನೆನಪಾಗುತ್ತದೆ.

ಇನ್ನೊಂದು ವರದಿ ಹೇಳಿ ನಿಲ್ಲಿಸುತ್ತೇನೆ. ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಓರಗೆಯ ಕೆಲವು ಯುವಕರು ಮದೀನಾಕ್ಕೆ ಬಂದು ಪ್ರವಾದಿವರ್ಯರ(ಸ) ಬಳಿ 20 ರಾತ್ರಿ ತಂಗಿದರು. ಇವರು ಅವರನ್ನು ನೋಡುತ್ತಿದ್ದರು, ಅವರೂ ಇವರನ್ನು ನೋಡುತ್ತಿದ್ದರು. ಹುಡುಗರಿಗೆ ಮನೆಯ ನೆನಪು ಕಾಡುತ್ತಿದೆ ಎಂದು ಯಾರೂ ಹೇಳದೆಯೇ ಪ್ರವಾದಿವರ್ಯರಿಗೆ(ಸ) ತಿಳಿಯಿತು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ವಿಚಾರಿಸಿ, ಮರಳಿ ಹೋಗಿ ಅವರೊಂದಿಗಿರಿ, ಅವರಿಗೂ ಕಲಿಸಿ, ನನ್ನನ್ನು ಕಂಡ ರೀತಿಯಲ್ಲೇ ನಮಾಝ್ ಮಾಡಿ ಎಂದು ಕಳಿಸಿಕೊಟ್ಟರು. ವರ್ಷಗಳ ನಂತರ ಇದೇ ಮಾಲಿಕ್(ರ) ಬಸ್ರಾದ ಅಬೂ ಕಿಲಾಬಾ ಅವರ ಮಸೀದಿಗೆ ಬಂದು, ಪ್ರವಾದಿವರ್ಯರನ್ನು(ಸ) ಕಂಡ ಹಾಗೆ ನಮಾಝ್ ಮಾಡಿ ತೋರಿಸಿದರು. ಅದು ಹೇಗಿತ್ತು ಎಂದು ಅಬೂ ಕಿಲಾಬಾರನ್ನು ಅವರ ಶಿಷ್ಯ ಅಯ್ಯೂಬ್ ಕೇಳಿದರು. ಅವರು ವಿವರಿಸಲು ಹೋಗಲಿಲ್ಲ. ನಮ್ಮ ಈ ಹಿರಿಯರ ನಮಾಝಿನಂತಿತ್ತು ಎಂದು ಅಮ್ರ್ ಬಿನ್ ಸಲಿಮಾ ಅವರತ್ತ ತೋರಿಸಿದರು. ಅಯ್ಯೂಬ್ ಆ ಹಿರಿಯರನ್ನು ನೋಡಿದರು: ಎರಡನೇ ಸುಜೂದಿನಿಂದ ತಲೆ ಎತ್ತಿದ ಮೇಲೆ ಅವರು ಒಂದು ಕ್ಷಣ ಕುಳಿತು, ನೆಲಕ್ಕೆ ಕೈ ಊರಿ ಏಳುತ್ತಿದ್ದರು.